ಬರಿದಾದ ಮೈದಾನಕ್ಕೆ ಹೊಣೆ ಯಾರು?

ಇಂಗ್ಲೆಂಡಿನ ಹತ್ತಿಗಿರಣಿಗಳ ಊರಾಗಿದ್ದ ರಾಚ್‌ಡೇಲಿನ ಫುಟ್‌ಬಾಲ್ ಕ್ಲಬ್ಬು 1973-74ರ ಲೀಗಿನಲ್ಲಿ 46 ಪಂದ್ಯವಾಡಿ ಗೆದ್ದದ್ದು ಎರಡೇ. 1974ರ ಫೆಬ್ರವರಿಯಲ್ಲಿ ಸ್ವಂತ ಮೈದಾನದ ಒಂದು ಆಟಕ್ಕೆ ಬಂದವರು 450 ಮಂದಿ. ಊರಿಗೇ ಅಭಿಮಾನವಿಲ್ಲವೆಂದು ದೂರುವುದನ್ನು ನಾವು ಒಪ್ಪೆವು. ವಿದ್ಯುತ್ ನಿರ್ಬಂಧದಿಂದ ರಾತ್ರಿ ದೀಪ ಹಾಕಿ ಆಡುವಂತಿರಲಿಲ್ಲ. ಆಟ ನಡೆದದ್ದು ಮಂಗಳವಾರ ಮಧ್ಯಾಹ್ನ. ಸೋಲನ್ನು ನೋಡಲು ಯಾವ ಕಾರ್ಮಿಕ ಪಾಳಿ ಬಿಟ್ಟು ಬಂದಾನು? ಗಿರಾಕಿ ಬಾರದಿದ್ದರೆ ಅಂಗಡಿಯವನು ಬೀದಿಯನ್ನು ಬೈಯುವುದಿಲ್ಲ, ತನ್ನ ಸರಕು ನೋಡಿಕೊಳ್ಳುತ್ತಾನೆ.

1844ರಲ್ಲಿ ಇದೇ ಊರಿನ ದುಡಿಮೆಗಾರರು ಕಾಸಿಗೆ ಕಾಸು ಕೂಡಿಸಿ ಸಹಕಾರಿ ಅಂಗಡಿ ತೆರೆದು, ಸದಸ್ಯನಿಗೊಂದು ಮತವೆಂಬ ದಾರಿ ಹಾಕಿಕೊಟ್ಟರು. ಆ ನ್ಯಾಯ ಮೈದಾನಕ್ಕೂ ಸಲ್ಲಬೇಕು. ಟಿಕೆಟಿಗೆ ಹಣ ತೆತ್ತು ಮಳೆಯಲ್ಲಿ ನಿಂತವನ ಗೊಣಗಾಟ ದ್ರೋಹವಲ್ಲ. ಅದು ಲೆಕ್ಕ ಕೇಳುವ ಹಕ್ಕು.