ಅರ್ಧ ಬೆಲೆ, ಅರ್ಧ ಆಯುಷ್ಯ

ದೀಪಾವಳಿಯ ಮಾರಾಟದಲ್ಲಿ ಅರ್ಧ ಬೆಲೆಗೆ ಸಿಗುವ ಫೋನು ಎಷ್ಟೋ ಸಲ ಅರ್ಧ ಆಯುಷ್ಯ ಕಳೆದ ಫೋನು. ಕಂಪನಿ ಭರವಸೆಯಿತ್ತ ಅಪ್‌ಡೇಟಿನ ವರ್ಷಗಳನ್ನು ಸಾಮಾನ್ಯವಾಗಿ ಎಣಿಸುವುದು ಆ ಮಾದರಿ ಮಾರುಕಟ್ಟೆಗೆ ಬಂದಂದಿನಿಂದ, ನಾವು ಕೊಂಡಂದಿನಿಂದಲ್ಲ. ಹೊಸ ಸೌಲಭ್ಯಗಳು ಬಾರದಿದ್ದರೆ ಹೋಗಲಿ, ಅವುಗಳಲ್ಲಿ ಹೆಚ್ಚಿನವು ಹಳೆಯ ಗೋಡೆಗೆ ಹೊಸ ಸುಣ್ಣ. ಆದರೆ ಭದ್ರತೆಯ ಅಪ್‌ಡೇಟೂ ನಿಂತುಹೋದ ಫೋನಿನಲ್ಲೇ ನಮ್ಮ ಯುಪಿಐ, ನಮ್ಮ ಬ್ಯಾಂಕು ಇವೆಯಲ್ಲ! ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಎಸ್24ಕ್ಕೆ 7 ವರ್ಷಗಳ ಮಾತು ಕೊಟ್ಟವು. ಅಗ್ಗದ ಫೋನಿನವರೇನು ಪಾಪ ಮಾಡಿದ್ದರು? ಮಾದರಿಯೊಂದರ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ದೊರೆಯಬೇಕೆಂಬ ನಿಯಮವನ್ನು ಯುರೋಪಿನ ಒಕ್ಕೂಟ 2025ರ ಜೂನ್ 20ರಿಂದ ಜಾರಿಗೆ ತಂದಿದೆ. ನಮ್ಮಲ್ಲಿ ಔಷಧದ ಮೇಲೆ ಅವಧಿ ಮುಗಿಯುವ ತಿಂಗಳನ್ನು ಅಚ್ಚು ಹಾಕಲೇಬೇಕು. ಫೋನಿನ ಪೆಟ್ಟಿಗೆಯ ಮೇಲೂ, ಎಂಆರ್‌ಪಿಯ ಪಕ್ಕದಲ್ಲೇ, ಕೊನೆಯ ಅಪ್‌ಡೇಟಿನ ದಿನಾಂಕವನ್ನು ಅಚ್ಚು ಹಾಕಲಿ.