ಅಳುವವರಿಗೂ ಚರ್ಚಿನಲ್ಲಿ ಜಾಗವಿರಲಿ

ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್‌ನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ಇಪ್ಪತ್ತನಾಲ್ಕು ತುಂಬುವ ಮೊದಲೇ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡಿದ್ದರು. ಮಡಿಲಲ್ಲಿ ಉಳಿದಿದ್ದವಳು ಇನ್ನೂ ವರ್ಷ ತುಂಬದ ಮಗಳು ಮನೋರಮಾ. ಮುಂದೆ ಅವರು ಕ್ರೈಸ್ತ ನಂಬಿಕೆಯಲ್ಲಿ ಭರವಸೆ ಕಂಡುಕೊಂಡರು. ಆದರೆ ಆ ಭರವಸೆ ಒಂದೇ ರಾತ್ರಿಯಲ್ಲಿ ಬಂದದ್ದಲ್ಲ, ಬಂದ ಮೇಲೂ ಅದು ಅವರ ಹೊರೆಯನ್ನು ಇಳಿಸಲಿಲ್ಲ. ಕರ್ನಾಟಕದ ಕ್ರೈಸ್ತ ಸಭೆಗಳು ಈ ಬದುಕನ್ನು ಇಂದು ನಿಧಾನವಾಗಿ ಓದಿಕೊಳ್ಳಬೇಕಾಗಿದೆ. ನಂಬಿಕೆಯ ಹೆಸರಿನಲ್ಲಿ ನೊಂದವರಿಗೆ ಸಿಗುತ್ತಿರುವ ಸಾಂತ್ವನದಲ್ಲಿ ಬಹುಪಾಲು ಅವಸರವೇ ತುಂಬಿದೆ.

ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ಪದ್ಧತಿಯನ್ನೇ ನೋಡಬಹುದು. ಕಾಯಿಲೆ ವಾಸಿಯಾದವರು, ಕೆಲಸ ಸಿಕ್ಕವರು, ಸಾಲ ತೀರಿದವರು ಎದ್ದು ನಿಂತು ಮಾತನಾಡುತ್ತಾರೆ. ಅದು ಸಂತೋಷದ ವಿಷಯವೇ. ಆದರೆ ಡಯಾಲಿಸಿಸ್‌ಗೆ ಹೋಗಿಬರುತ್ತಲೇ ಇರುವವರು, ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ತಾಯಿ, ಬಡ್ಡಿ ಕಟ್ಟಿ ಕಟ್ಟಿ ಸೋತವರು ಹಿಂದಿನ ಬೆಂಚಿನಲ್ಲೇ ಉಳಿದುಬಿಡುತ್ತಾರೆ. ಅವರ ಕೈಗೆ ಮೈಕ್ ಬರುವುದಿಲ್ಲ. ಕೆಲವರಂತೂ ‘ನಿನ್ನ ನಂಬಿಕೆ ಸಾಲದು’ ಎಂಬ ಮಾತನ್ನೂ ಕೇಳಬೇಕಾಗುತ್ತದೆ. ನೊಂದವರ ಮೇಲೆ ಇನ್ನೊಂದು ಹೊರೆ ಹೇರುವ ಮಾತು ಅದು. ಅದನ್ನು ದೇವರ ಹೆಸರಿನಲ್ಲಿ ಆಡುವುದು ದೊಡ್ಡ ತಪ್ಪು.

ಬೈಬಲ್ಲೇ ಇದಕ್ಕೆ ಒಪ್ಪುವುದಿಲ್ಲ. 150 ಕೀರ್ತನೆಗಳಲ್ಲಿ ಗೋಳಿನ, ದೂರಿನ ಕೀರ್ತನೆಗಳಿಗೆ ದೊಡ್ಡ ಪಾಲಿದೆ. 88ನೆಯ ಕೀರ್ತನೆಯಂತೂ ಬೆಳಕಿನ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಯಾರೂ ತಿದ್ದಲಿಲ್ಲ, ತೆಗೆದೂ ಹಾಕಲಿಲ್ಲ. ‘ಪ್ರಲಾಪಗಳು’ ಎಂಬ ಹೆಸರಿನ ಪುಸ್ತಕವೇ ಇದೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಬಳಿ ಗೆಳೆಯರು ಬಂದು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಬಾಯಿಬಿಟ್ಟು ಅವನ ಕಷ್ಟಕ್ಕೆ ಅವನ ಪಾಪವೇ ಕಾರಣವೆಂದು ವಿವರಿಸತೊಡಗಿದಾಗ ದೇವರೇ ಅವರ ಮೇಲೆ ಕೋಪಗೊಂಡನೆಂದು ಆ ಗ್ರಂಥ ಹೇಳುತ್ತದೆ. ಯೇಸು ಲಾಜರನ ಸಮಾಧಿಯ ಬಳಿ ಅತ್ತರು. ಗೆತ್ಸೆಮನೆಯ ತೋಟದಲ್ಲಿ, ತಮಗೆ ಬರಲಿದ್ದ ನೋವು ತಪ್ಪಲಿ ಎಂದು ಬೇಡಿಕೊಂಡರು. ಶಿಲುಬೆಯ ಮೇಲೆ, ದೇವರು ತನ್ನನ್ನು ಯಾಕೆ ಕೈಬಿಟ್ಟ ಎಂದು ಕೂಗಿ ಕೇಳಿದರು. ಹಾಗೆ ಕೇಳಿದ್ದನ್ನು ಯಾವ ಸುವಾರ್ತೆಯೂ ನಂಬಿಕೆಯ ಕೊರತೆ ಎಂದು ಬರೆದಿಲ್ಲ.

ರಮಾಬಾಯಿಯವರ ಬದುಕು ಈ ಮಾತಿಗೆ ಕೊಟ್ಟ ಸಾಕ್ಷಿಯಂತಿದೆ. ಹೆಂಗಸರಿಗೆ ಸಂಸ್ಕೃತ ಸಲ್ಲದು ಎನ್ನುತ್ತಿದ್ದ ಕಾಲದಲ್ಲಿ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಮಗಳು ಅದನ್ನು ತಾಯಿಯಿಂದ ಕಲಿತಳು. ಕುಟುಂಬ ಕೈಬರಿದಾಗಿ ಪುರಾಣ ಹೇಳುತ್ತಾ ಊರೂರು ಅಲೆಯಿತು. 1870ರ ದಶಕದ ಬರದಲ್ಲಿ ಹಸಿವಿನಿಂದ ನರಳಿ, ತಂದೆತಾಯಿ ತೀರಿಕೊಂಡರು. ಅಣ್ಣ ಶ್ರೀನಿವಾಸನ ಜೊತೆ ದೇಶವನ್ನು ಕಾಲ್ನಡಿಗೆಯಲ್ಲಿ ಸುತ್ತಿದ ರಮಾಬಾಯಿ 1878ರಲ್ಲಿ ಕಲ್ಕತ್ತೆ ತಲುಪಿದರು. ಅಲ್ಲಿನ ವಿದ್ವಾಂಸರು ಅವರಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಹೋದ. ಅದೇ ವರ್ಷ ಜಾತಿಯ ಗೆರೆ ದಾಟಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಎರಡು ವರ್ಷವೂ ತುಂಬಲಿಲ್ಲ, ಕಾಲರಾ ಅವರನ್ನೂ ಕೊಂಡೊಯ್ದಿತು.

1883ರಲ್ಲಿ ವೈದ್ಯಶಿಕ್ಷಣದ ಆಸೆ ಹೊತ್ತು ಇಂಗ್ಲೆಂಡಿಗೆ ಹೋದರೆ, ಕಿವಿ ಮಂದವಾಗುತ್ತಾ ಬಂದದ್ದರಿಂದ ಆ ಬಾಗಿಲೂ ಮುಚ್ಚಿತು. ಜೊತೆಗೆ ಹೋಗಿದ್ದ ಗೆಳತಿ ಅಲ್ಲೇ ಜೀವ ಕಳೆದುಕೊಂಡಳು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಾಂಟೇಜ್‌ನ ಕ್ರೈಸ್ತ ಸನ್ಯಾಸಿನಿಯರ ನೆರಳಲ್ಲಿ ರಮಾಬಾಯಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಅವರನ್ನು ಸೆಳೆದದ್ದು ಪವಾಡವಲ್ಲ. ಸಮಾಜ ಕೆಟ್ಟವರೆಂದು ಹೊರಗಿಟ್ಟ ಹೆಂಗಸರನ್ನು ಆ ಸಹೋದರಿಯರು ಲಂಡನ್ನಿನ ಫುಲ್ಹ್ಯಾಮ್‌ನಲ್ಲಿ ಮನುಷ್ಯರಂತೆ ಕಂಡು ಸಲಹುತ್ತಿದ್ದರು. ಅದನ್ನು ನೋಡಿದ ಮೇಲೆ, ಯೇಸು ಸಮಾರ್ಯದ ಹೆಂಗಸಿನೊಡನೆ ಬಾವಿಯ ಬಳಿ ಮಾತನಾಡಿದ ಕಥೆ ಅವರ ಮನಸ್ಸಿಗೆ ನಾಟಿತು.

ಇಷ್ಟಾದರೂ ನೆಮ್ಮದಿ ಸಿಗಲಿಲ್ಲ. ಮುಂದೆ 1907ರಲ್ಲಿ ಬರೆದ ತಮ್ಮ ಸಾಕ್ಷ್ಯಕಥನದಲ್ಲಿ ಅವರೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ: ಧರ್ಮ ಸಿಕ್ಕಿತ್ತು, ಆದರೆ ಕ್ರಿಸ್ತನೇ ಸಿಕ್ಕಿದನೆಂದು ಅನಿಸಲು ಸುಮಾರು ಎಂಟು ವರ್ಷ ಹಿಡಿಯಿತು. ಆ ವರ್ಷಗಳಲ್ಲಿ ಅವರು ತಮ್ಮ ಗುರುಸಮಾನರಾದ ಸಿಸ್ಟರ್ ಜೆರಾಲ್ಡೀನ್ ಜೊತೆ ಪತ್ರಗಳಲ್ಲಿ ಖಾರವಾಗಿ ವಾದಿಸಿದರು. ಒಪ್ಪಿಗೆಯಾಗದ ಸಿದ್ಧಾಂತಗಳನ್ನು ಒಪ್ಪಲಾರೆ ಎಂದರು. ಪ್ರಶ್ನೆ ಕೇಳುವ ಈ ಎದೆಗಾರಿಕೆಯನ್ನು ಅವರ ನಂಬಿಕೆಯ ಭಾಗವಾಗಿಯೇ ನೋಡಬೇಕು.

ನಂಬಿಕೆಯೆಂದರೆ ಕಷ್ಟವನ್ನು ಹಣೆಬರಹವೆಂದು ಸಹಿಸಿಕೊಳ್ಳುವುದು ಎಂಬ ಆಕ್ಷೇಪ ಹಳೆಯದು. ಕೆಲವೆಡೆ ಅದು ನಿಜವೂ ಹೌದು. ಆದರೆ ರಮಾಬಾಯಿ ವಿಧವೆಯರ ಸಂಕಟವನ್ನು ದೇವರ ಇಚ್ಛೆ ಎನ್ನಲಿಲ್ಲ. 1887ರಲ್ಲಿ ಅದರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಅಮೆರಿಕದಲ್ಲಿ ಹಣ ಕೂಡಿಸಿದರು. 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಅಲ್ಲಿ ಮೊದಲು ಓದಿದವರಲ್ಲಿ ಬಾಲವಿಧವೆ ಗೋದೂಬಾಯಿ ಒಬ್ಬರು. 1893ರಲ್ಲಿ ಗೋದೂಬಾಯಿಯವರನ್ನು ಸಮಾಜ ಸುಧಾರಕ ಧೋಂಡೊ ಕೇಶವ ಕರ್ವೆ ಮದುವೆಯಾದರು. ಅದೇ ಹೊತ್ತಿಗೆ, ಪುಣೆಗೆ ಸ್ಥಳಾಂತರಗೊಂಡಿದ್ದ ಸದನದಲ್ಲಿ ಮತಾಂತರ ನಡೆಯುತ್ತಿದೆಯೆಂಬ ಆರೋಪ ಅಲ್ಲಿ ಭುಗಿಲೆದ್ದು ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ಆ ವಿವಾದದ ಬಗ್ಗೆ ಇಂದಿಗೂ ಭಿನ್ನ ಅಭಿಪ್ರಾಯಗಳಿವೆ. ಅದೇನೇ ಇರಲಿ, ಆಮೇಲೆ ಬಂದ ಬರಗಾಲಗಳಲ್ಲಿ ಅವರು ಮಾಡಿದ್ದನ್ನು ಯಾರೂ ಅಲ್ಲಗಳೆಯಲಾರರು. ಬರದಲ್ಲಿ ಹೆತ್ತವರನ್ನು ಕಳೆದುಕೊಂಡಿದ್ದ ಆ ಹೆಣ್ಣುಮಗಳು 1896–97ರಲ್ಲಿ ಮಧ್ಯ ಪ್ರಾಂತ್ಯದ ಬರಪೀಡಿತ ಊರುಗಳಿಗೆ ಹೋಗಿ, ಎಲುಬುಗೂಡಾಗಿದ್ದ ನೂರಾರು ಹೆಣ್ಣುಮಕ್ಕಳನ್ನು ಪುಣೆ ಬಳಿಯ ಕೇಡಗಾಂವಿಗೆ ಕರೆತಂದರು. ‘ಮುಕ್ತಿ’ ಎಂಬ ಆ ಆಶ್ರಮದಲ್ಲಿ ಮುಂದೆ ಸಾವಿರಕ್ಕೂ ಹೆಚ್ಚು ಜನರಿದ್ದರು. ಅಲ್ಲಿ ನೇಯ್ಗೆ, ಬೇಸಾಯ, ಗಾಣ, ಮುದ್ರಣ ಎಲ್ಲವನ್ನೂ ಹೆಂಗಸರೇ ಕಲಿತರು. ಕಣ್ಣಿಲ್ಲದವರಿಗೂ ಅಲ್ಲಿ ಓದು ಸಿಕ್ಕಿತು.

ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂದು ಪೌಲ ಗಲಾತ್ಯದವರಿಗೆ ಬರೆದದ್ದು ಇಲ್ಲಿ ಅಡುಗೆಮನೆಯ, ಹೊಲದ ಕೆಲಸವಾಗಿ ಬದಲಾಯಿತು. ಕ್ರೈಸ್ತ ಭರವಸೆ ನಿಜವಾಗಿ ದುಡಿಯುವುದು ಹೀಗೆಯೇ. ಅದು ಹೊರೆಯನ್ನು ಮಾಯಮಾಡುವುದಿಲ್ಲ, ಹೊರುವ ಕೈಗಳನ್ನು ಹೆಚ್ಚಿಸುತ್ತದೆ. ಸಾವಿನಿಂದ ಎದ್ದ ಯೇಸುವಿನ ಮೈಮೇಲೂ ಮೊಳೆಯ ಗಾಯಗಳು ಉಳಿದಿದ್ದವು ಎಂದು ಯೋಹಾನನ ಸುವಾರ್ತೆ ಹೇಳುವುದನ್ನು ಇದರ ಜೊತೆಗಿಟ್ಟು ಓದಬೇಕು. ಪುನರುತ್ಥಾನವನ್ನು ನಂಬುವವರು ಗಾಯ ಮುಚ್ಚಿಕೊಳ್ಳಬೇಕಾಗಿಲ್ಲ.

ರಮಾಬಾಯಿಯವರ ಕೊನೆಯ ವರ್ಷಗಳೂ ಹಗುರವಾಗಿರಲಿಲ್ಲ. ಗುಲ್ಬರ್ಗಾದಲ್ಲಿ ಶಾಲೆ ಕಟ್ಟುವ ಕೆಲಸಕ್ಕೆ ಹೆಗಲು ಕೊಟ್ಟಿದ್ದ, ತಮ್ಮ ನಂತರ ಮುಕ್ತಿಯನ್ನು ನಡೆಸಬೇಕಿದ್ದ ಮನೋರಮಾ 1921ರ ಜುಲೈನಲ್ಲಿ, ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ತಾಯಿ ಆಗಲೂ ಬೈಬಲ್ಲಿನ ಮರಾಠಿ ಅನುವಾದದ ಕರಡು ತಿದ್ದುತ್ತಿದ್ದರು. ಅದಕ್ಕಾಗಿಯೇ ಹೀಬ್ರೂ, ಗ್ರೀಕ್ ಕಲಿತಿದ್ದರು. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು.

ಸಭಾಪಾಲಕರು, ಧರ್ಮಗುರುಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಆರಾಧನೆಯಲ್ಲಿ ಆಗಾಗ 88ನೆಯ ಕೀರ್ತನೆಯನ್ನು ಪೂರ್ತಿ ಓದಿಸಲಿ, ಅದರ ಹಿಂದೆಯೇ ಸಮಾಧಾನದ ಮಾತು ಸೇರಿಸುವ ಆತುರ ಬೇಡ. ಸಾಕ್ಷಿಯ ಹೊತ್ತಿನಲ್ಲಿ ಇನ್ನೂ ಉತ್ತರ ಸಿಗದವರನ್ನೂ ಮುಂದೆ ಕರೆಯಲಿ. ಸಾವಿನ ಮನೆಗೆ ಮೂರನೆಯ ದಿನ ಹೋಗುವವರು ಮೂರನೆಯ ತಿಂಗಳೂ ಹೋಗಲಿ. ಕಷ್ಟ ಹೇಳಿಕೊಳ್ಳಲು ಸಂಕೋಚಪಡುವ ಮನೆಗೆ ಅಕ್ಕಿಬೇಳೆಯನ್ನೂ ಒಯ್ಯಲಿ. ಮನಸ್ಸು ಕುಸಿದವರಿಗೆ ಪ್ರಾರ್ಥನೆಯ ಜೊತೆಗೆ ವೈದ್ಯರ ನೆರವೂ ಬೇಕೆಂದು ವೇದಿಕೆಯಿಂದಲೇ ಹೇಳಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಈ ಭಾನುವಾರವೇ ಆ ಸಂಖ್ಯೆ ಪ್ರತಿ ಚರ್ಚಿನ ಸೂಚನಾ ಫಲಕದ ಮೇಲೆ ಬರಲಿ.