ಹೆಸರು ಯಾರದಾದರೂ ಇರಲಿ, ಇಳಿಯೋದು ಎಲ್ಲಿ?

‘ನಮ್ಮ ಮೆಟ್ರೋ’ಗೆ ‘ಬಸವ ಮೆಟ್ರೋ’ ಎಂದು ಹೆಸರಿಡಲು ಕೇಂದ್ರಕ್ಕೆ ಶಿಫಾರಸು ಮಾಡುವುದಾಗಿ ಮುಖ್ಯಮಂತ್ರಿ ಸ್ಥಾನದಲ್ಲಿದ್ದ ಸಿದ್ದರಾಮಯ್ಯನವರು 2025ರ ಅಕ್ಟೋಬರ್‌ನಲ್ಲಿ ಹೇಳಿದರು. ಅದರ ಹಿಂದಿನ ತಿಂಗಳಷ್ಟೇ ಶಿವಾಜಿನಗರದ ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರಿನ ಮಾತೆದ್ದಿತ್ತು. ಎರಡಕ್ಕೂ ಪರ ವಿರೋಧ ಜೋರಾಗೇ ನಡೆಯಿತು. ಆದರೆ ಆ ಗದ್ದಲದಲ್ಲಿ ಟಿಕೆಟ್ ತಗೊಂಡು ಹತ್ತುವವನನ್ನು ಯಾರೂ ಕೇಳಲಿಲ್ಲ: ಅಯ್ಯಾ, ನಿನಗೆ ಇದರಿಂದ ಏನಾದರೂ ಉಪಯೋಗ ಉಂಟಾ?

ಬಸವಣ್ಣನವರ ಬಗ್ಗೆ ತಕರಾರು ಯಾರಿಗಿದೆ ಸ್ವಾಮಿ? ತಕರಾರು ಬೇರೆ. ಉದಾಹರಣೆ ನಮ್ಮ ವಿಶ್ವೇಶ್ವರಪುರಂನಲ್ಲೇ ಇದೆ.

ಹೌರಾ ರೈಲು ಹಿಡಿಯಬೇಕಾದ ಅಳಿಯ ಸಜ್ಜನರಾವ್ ವೃತ್ತದ ಹತ್ತಿರ ನಿಮ್ಮ ಮನೆಗೆ ಬಂದಿದ್ದಾನೆ ಅಂತಿಟ್ಟುಕೊಳ್ಳಿ. ‘ವಿಶ್ವೇಶ್ವರಯ್ಯ ಸ್ಟೇಷನ್‌ಗೆ ಹೋಗಪ್ಪಾ’ ಅಂತ ಕಳಿಸುತ್ತೀರಿ. ನ್ಯಾಷನಲ್ ಕಾಲೇಜಿನಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸುತ್ತಾನೆ. ಮುಂದಿನ ನಿಲ್ದಾಣವೇ ‘ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜ್’. ಹೆಸರು ಕೇಳಿದವನೇ ಇಳಿದುಬಿಟ್ಟರೆ? 2022ರಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಇರೋದು ಬೈಯಪ್ಪನಹಳ್ಳಿಯಲ್ಲಿ, ಊರಿನ ಆ ಕಡೆ. ರೈಲು ಹೋಯ್ತು, ದುಡ್ಡೂ ಹೋಯ್ತು. ಸರ್ ಎಂ.ವಿ.ಯವರಿಗೆ ಗೌರವ ಕೊಟ್ಟಿದ್ದು ಸರಿ. ಅಳಿಯನ ಪಾಡೇನು?

ಕೆಂಪೇಗೌಡರದೂ ಇದೇ ಕತೆ. ಬಸ್ ನಿಲ್ದಾಣ ಕೆಂಪೇಗೌಡ, ಮೆಟ್ರೋ ನಿಲ್ದಾಣ ಕೆಂಪೇಗೌಡ, ವಿಮಾನ ನಿಲ್ದಾಣವೂ ಕೆಂಪೇಗೌಡ. ಮೂರರಲ್ಲಿ ಯಾವುದು ಅಂತ ಬಿಡಿಸಿ ಹೇಳೋಕೆ ಕೊನೆಗೆ ಬೇಕಾಗೋದು ‘ಮೆಜೆಸ್ಟಿಕ್’ ಅನ್ನೋ ಮಾತೇ. ಆ ಚಿತ್ರಮಂದಿರ ಹೋಗಿ ಎಷ್ಟೋ ಕಾಲವಾಯ್ತು, ಕಂಡಕ್ಟರ್ ಬಾಯಲ್ಲಿ ಮಾತ್ರ ಇನ್ನೂ ಗಟ್ಟಿಯಾಗಿದೆ. ಮೆಟ್ರೋದವರೂ ಹೆಸರಿನ ಬಾಲಕ್ಕೆ ಅದನ್ನು ಉಳಿಸಿಕೊಂಡಿದ್ದಾರೆ. ಪ್ರಯಾಣಿಕನನ್ನು ಕಾಪಾಡ್ತಿರೋದು ಆ ಬಾಲ.

ಹಾಗಂತ ಹೆಸರು ಬದಲಾಯಿಸೋದೆಲ್ಲ ದಂಡ ಅನ್ನೋಕಾಗಲ್ಲ. ಸೌತ್ ಪೆರೇಡ್ ಮಹಾತ್ಮಾ ಗಾಂಧಿ ರಸ್ತೆ ಆಯ್ತು, ಈಗ ಎಲ್ಲರಿಗೂ ಅದು ಎಂ.ಜಿ. ರೋಡ್. ನಗರದಲ್ಲಿ ಆ ಹೆಸರು ಕೇಳಿದರೆ ಒಂದೇ ಜಾಗ ನೆನಪಾಗುತ್ತೆ, ಕರೆಯೋಕೂ ಚಿಕ್ಕದು. ಹಾಗಾಗಿ ಊರಿಕೊಂಡಿತು.

ಲಂಡನ್ನಿನಲ್ಲಿ ಓವರ್‌ಗ್ರೌಂಡ್ ರೈಲಿನ ಆರು ಮಾರ್ಗಗಳಿಗೂ ಒಂದೇ ಹೆಸರು, ನಕ್ಷೆಯಲ್ಲಿ ಒಂದೇ ಕಿತ್ತಳೆ ಬಣ್ಣ ಇತ್ತು. ಒಂದು ಕೆಟ್ಟರೆ ಯಾವುದು ಕೆಟ್ಟಿತು ಅಂತ ಜನಕ್ಕೆ ತಿಳೀತಿರಲಿಲ್ಲ. 2024ರಲ್ಲಿ ಆರಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣ ಕೊಟ್ಟರು. ಅದಕ್ಕೆ ಲೆಕ್ಕ ಹಾಕಿದ ಖರ್ಚು 63 ಲಕ್ಷ ಪೌಂಡ್. ದುಬಾರಿಯೇ. ಆದರೂ ಅಲ್ಲಿ ಗೊಂದಲ ಇತ್ತು, ಅದಕ್ಕೆ ಮದ್ದು ಹಾಕಿದರು.

ನಮ್ಮಲ್ಲಿ ಆ ರೋಗ ಇಲ್ಲ. ನೇರಳೆ, ಹಸಿರು ಮಾರ್ಗಗಳಿದ್ದವು, 2025ರ ಆಗಸ್ಟ್‌ನಲ್ಲಿ ಹಳದಿ ಸೇರಿತು. ಅಕ್ಷರ ಬಾರದ ಅಜ್ಜಿಗೂ ಬಣ್ಣ ತಿಳಿಯುತ್ತೆ. ‘ಬಸವ ಮೆಟ್ರೋ’ ಆದರೂ ಅಜ್ಜಿಗೆ ದಾರಿ ಹೊಸದಾಗಿ ತಿಳಿಯೋದೇನಿಲ್ಲ, ತಪ್ಪೋದೂ ಇಲ್ಲ. ಬದಲಾಗೋದು ಬೋರ್ಡು, ನಕ್ಷೆ, ಕಾಗದಪತ್ರ. ಅದರ ಬಿಲ್ಲು ಬರೋದು ಮಾತ್ರ ಜನರ ದುಡ್ಡಿನಿಂದಲೇ.

ಮಾರ್ಗದ ಬಣ್ಣ ಮುಟ್ಟಬೇಡಿ. ನಿಲ್ದಾಣಕ್ಕೆ ಮಹನೀಯರ ಹೆಸರು ಇಡೋದಾದರೆ ಇಡಿ. ಆದರೆ ಜಾಗದ ಹೆಸರು ಮೊದಲು, ದೊಡ್ಡ ಅಕ್ಷರದಲ್ಲಿ ಇರಲಿ, ಗೌರವದ ಹೆಸರು ಅದರ ಕೆಳಗೆ ಬರಲಿ. ಒಬ್ಬರ ಹೆಸರು ಎರಡು ಕಡೆ ಇಡುವ ಮುಂಚೆ ಮೊದಲಿನದು ಎಲ್ಲಿದೆ ಅಂತ ನೋಡಿ. ಇದಕ್ಕೆ ದೆಹಲಿಯ ಒಪ್ಪಿಗೆ ಬೇಕಿಲ್ಲ.

ಮಹನೀಯರು ಬೇಜಾರು ಮಾಡಿಕೊಳ್ಳಲ್ಲ. ಅಳಿಯನಿಗೆ ಹೌರಾ ರೈಲೂ ಸಿಗುತ್ತೆ.